ಗುಳಿಗೆಯೂ ಲಿಂಗಾರ್ಪಿತವೇ

ಇಷ್ಟಲಿಂಗ ಪೂಜೆಯ ಜಗುಲಿ ಇರುವ ನಮ್ಮ ಮನೆಗಳಲ್ಲಿ ಇಂದು ಗುಳಿಗೆಯ ಡಬ್ಬಿಯೂ ಇದ್ದೇ ಇರುತ್ತದೆ. ಅಪ್ಪನಿಗೆ ಬಿ.ಪಿ., ಅವ್ವನಿಗೆ ಸಕ್ಕರೆ, ಸೊಸೆಗೆ ಥೈರಾಯ್ಡ್, ಅಜ್ಜನಿಗೆ ಹೃದಯದ ಔಷಧ. ಒಂದು ವಾರ ನುಂಗಿ ಬಿಡುವ ಜ್ವರದ ಗುಳಿಗೆಗಳಲ್ಲ ಇವು. ವರ್ಷಗಟ್ಟಲೆ, ಬಹಳ ಮಂದಿಗೆ ಉಸಿರಿರುವ ತನಕ ತೆಗೆದುಕೊಳ್ಳಬೇಕಾದವು. ಆದರೆ ಈ ಡಬ್ಬಿಯ ವಿಷಯ ನಮ್ಮ ಶಿವಾನುಭವ ಗೋಷ್ಠಿಗಳಲ್ಲಿ ಬರುವುದಿಲ್ಲ. ಶರಣ ಸಂಗಮದ ವೇದಿಕೆಯಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ. ಅದು ಡಾಕ್ಟರರಿಗೂ ರೋಗಿಗೂ ಸಂಬಂಧಿಸಿದ್ದು, ಧರ್ಮಕ್ಕೆ ಅದರ ಗೊಡವೆ ಯಾಕೆ ಎಂಬ ಭಾವನೆ ನಮ್ಮಲ್ಲಿದೆ.

ಈ ಭಾವನೆ ತಪ್ಪು ಎಂಬುದನ್ನು ಹೇಳಲೆಂದೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ತಾಲ್ಲೂಕು ಊರೊಂದರಲ್ಲಿ ಔಷಧ ಅಂಗಡಿ ನಡೆಸುವುದು ನನ್ನ ಕಾಯಕವಾಗಿತ್ತು. ನಾನು ವೈದ್ಯನಲ್ಲ, ಔಷಧ ಕೊಡುವವನು. ಆದರೆ ಯಾರು ಪ್ರತಿ ತಿಂಗಳು ಬರುತ್ತಾರೆ, ಯಾರು ಮೂರು ತಿಂಗಳು ಬಂದು ನಾಲ್ಕನೆಯ ತಿಂಗಳು ಕಾಣೆಯಾಗುತ್ತಾರೆ ಎಂಬುದು ವೈದ್ಯರಿಗಿಂತ ಮೊದಲು ಅಂಗಡಿಯವನಿಗೆ ಗೊತ್ತಾಗುತ್ತದೆ. ಹಾಗೆ ಕಾಣೆಯಾದವರನ್ನು ಬೀದಿಯಲ್ಲಿ ಕಂಡಾಗ ವಿಚಾರಿಸಿದರೆ ಸಿಗುವ ಉತ್ತರಗಳಲ್ಲಿ ಅರ್ಧದಷ್ಟು ಧರ್ಮಕ್ಕೇ ಸಂಬಂಧಿಸಿದವು. “ಶ್ರಾವಣ ಹಿಡಿದೀನ್ರಿ, ಅದಕ್ಕ ಗುಳಿಗಿ ಬಿಟ್ಟೀನಿ.” “ಅಜ್ಜಾರು ಅಂತ್ರ ಕಟ್ಯಾರ್ರಿ, ಇನ್ನ ಬ್ಯಾಡಂತ ಮನಸಿಗೆ ಬಂತು.” “ಲಿಂಗ ಕಟ್ಟಿಕೊಂಡಾವರಿಗೆ ಈ ಇಂಗ್ಲಿಷ್ ಔಷಧ ಎಷ್ಟು ದಿನಾರೀ?” ಇಂಥ ಮಾತುಗಳು ಧರ್ಮದ ಹೆಸರಿನಲ್ಲಿ ಬರುವಾಗ ಉತ್ತರವನ್ನೂ ಧರ್ಮದ ಒಳಗಿನಿಂದಲೇ ಕೊಡಬೇಕಾಗುತ್ತದೆ.

ನೋವಿಲ್ಲದ ರೋಗ

ಸಮಸ್ಯೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ 10 ಲಕ್ಷ. ವಯಸ್ಕರಲ್ಲಿ ಶೇ 35.5 ಮಂದಿಗೆ ರಕ್ತದೊತ್ತಡ ಹೆಚ್ಚಿದೆ. ಅಂದರೆ ನಮ್ಮ ಮಠದ ಪ್ರಸಾದ ನಿಲಯದಲ್ಲಿ ಒಂದು ಪಂಕ್ತಿಗೆ ಕುಳಿತ ನೂರು ಮಂದಿ ದೊಡ್ಡವರಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗೆ ಬಿ.ಪಿ. ಇದೆ ಎಂದು ಇಟ್ಟುಕೊಳ್ಳಬಹುದು. ದೀರ್ಘಕಾಲದ ಔಷಧಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರತಂದ ವರದಿ ಇನ್ನೊಂದು ಮಾತು ಹೇಳುತ್ತದೆ: ಮುಂದುವರಿದ ದೇಶಗಳಲ್ಲಿಯೇ ಇಂಥ ರೋಗಿಗಳ ಪೈಕಿ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ. ಆಸ್ಪತ್ರೆಯೂ ವಿಮೆಯೂ ಕೈಗೆಟಕುವ ಕಡೆಯೇ ಹೀಗಾದರೆ ನಮ್ಮ ಹಳ್ಳಿಗಳ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಜನ ಗುಳಿಗೆ ಬಿಡುವುದಕ್ಕೆ ಮೊದಲ ಕಾರಣ ಈ ರೋಗಗಳ ಸ್ವಭಾವ. ಹಲ್ಲು ನೋವಾದರೆ ನಡುರಾತ್ರಿಯಲ್ಲಿ ಎದ್ದು ಔಷಧ ಹುಡುಕುತ್ತೇವೆ. ಬಿ.ಪಿ. ನೋಯುವುದಿಲ್ಲ. ಸಕ್ಕರೆ ಬಹಳ ಏರುವ ತನಕ ಗೊತ್ತಾಗುವುದೇ ಇಲ್ಲ. ಒಳಗೆ ಮಾತ್ರ ರಕ್ತನಾಳಗಳ ಗೋಡೆ ವರ್ಷಾನುಗಟ್ಟಲೆ ಪೆಟ್ಟು ತಿನ್ನುತ್ತಿರುತ್ತದೆ. ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವು ನಾಲ್ಕೂ ಆ ಪೆಟ್ಟನ್ನು ಲೆಕ್ಕ ಇಟ್ಟುಕೊಂಡಿರುತ್ತವೆ. ಒಂದು ದಿನ ಲಕ್ವ ಹೊಡೆದಾಗ “ನಿನ್ನೆ ತನಕ ಚೆನ್ನಾಗಿದ್ದರು” ಎನ್ನುತ್ತೇವೆ. ಅವರು ಚೆನ್ನಾಗಿರಲಿಲ್ಲ, ನೋವಿಲ್ಲದೆ ಇದ್ದರು ಅಷ್ಟೆ.

ಎರಡನೆಯ ಕಾರಣ ಒಂದು ತಪ್ಪು ಲೆಕ್ಕ. ಗುಳಿಗೆ ನುಂಗುತ್ತ ಮೂರು ತಿಂಗಳಾದ ಮೇಲೆ ತಪಾಸಣೆ ಮಾಡಿಸಿದರೆ ಅಂಕಿ ಸರಿ ಬಂದಿರುತ್ತದೆ. “ನಾರ್ಮಲ್ ಬಂದೈತಿ, ಇನ್ನ ಯಾಕ?” ಎಂದು ಬಿಟ್ಟುಬಿಡುತ್ತಾರೆ. ಅಂಕಿ ಸರಿ ಬಂದದ್ದು ರೋಗ ಹೋದದ್ದಕ್ಕಲ್ಲ, ಗುಳಿಗೆ ಹಿಡಿದು ನಿಲ್ಲಿಸಿದ್ದಕ್ಕೆ. ಒಡ್ಡು ಹಾಕಿದ ಹೊಲದಲ್ಲಿ ಮಣ್ಣು ಕೊಚ್ಚಿ ಹೋಗಲಿಲ್ಲವೆಂದು ಒಡ್ಡನ್ನೇ ಕಿತ್ತು ಹಾಕುವ ರೈತ ಯಾರಿದ್ದಾನೆ?

ಕೆಲವು ಔಷಧಗಳನ್ನಂತೂ ಥಟ್ಟನೆ ಬಿಡುವುದೇ ಅಪಾಯ. ಮೂರ್ಛೆರೋಗದ ಗುಳಿಗೆ ಒಮ್ಮೆಲೆ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹೃದಯದ ಬಡಿತ ತಗ್ಗಿಸುವ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಗುಳಿಗೆಗಳನ್ನು ಹೃದ್ರೋಗಿಗಳು ಒಮ್ಮೆಲೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಬಹಳ ದಿನ ಸ್ಟಿರಾಯ್ಡ್ ತೆಗೆದುಕೊಂಡವರು ಹಠಾತ್ತಾಗಿ ನಿಲ್ಲಿಸಿದರೆ ದೇಹ ಕುಸಿದು ಹೋಗಬಹುದು. ಇವನ್ನು ಇಳಿಸುವುದಿದ್ದರೂ ಮೆಟ್ಟಿಲು ಮೆಟ್ಟಿಲಾಗಿ, ವೈದ್ಯರು ಹೇಳಿದಂತೆ ಇಳಿಸಬೇಕು.

ಶರಣರು ದೇಹವನ್ನು ಹಳಿಯಲಿಲ್ಲ

ಲಿಂಗಧಾರಿಗೆ ಔಷಧ ಯಾಕೆ ಎಂದು ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಲಿಂಗಧಾರಿಗೆ ಅನ್ನ ಯಾಕೆ? ಹಸಿವನ್ನು ಇಷ್ಟಲಿಂಗ ನೀಗಿಸಲಿ ಎಂದು ನಾವು ಯಾರೂ ಕಾಯುವುದಿಲ್ಲ. ದುಡಿಯುತ್ತೇವೆ, ಬೇಯಿಸುತ್ತೇವೆ, ಲಿಂಗಕ್ಕೆ ಅರ್ಪಿಸಿ ಉಣ್ಣುತ್ತೇವೆ. ಹಸಿವಿಗೆ ಇರುವ ನ್ಯಾಯವೇ ರೋಗಕ್ಕೂ ಇರಬೇಕು.

ಬಸವಾದಿ ಶರಣರು ದೇಹವನ್ನು ಪಾಪದ ಗಂಟು ಎಂದು ತಿಳಿದವರಲ್ಲ. ಕಲ್ಲಿನ ಗುಡಿಯನ್ನು ಬಿಟ್ಟು ದೇಹವನ್ನೇ ದೇವರ ಮನೆಯಾಗಿ ಕಂಡವರು. ಮನೆ ಸೋರುತ್ತಿದ್ದರೆ ಹೆಂಚು ಹೊದಿಸದೆ ಮನೆದೇವರಿಗೆ ಕೈಮುಗಿಯುತ್ತ ಕೂರುವುದು ಭಕ್ತಿಯಾಗಲಾರದು. ಕಾಯಕವನ್ನು ಧರ್ಮದ ತಿರುಳಾಗಿ ಇಟ್ಟ ಮೇಲೆ ಕಾಯವನ್ನು ಕಾಪಾಡಿಕೊಳ್ಳುವುದೂ ಆ ಧರ್ಮದ ಒಳಗೇ ಬಂತು. ಲಕ್ವ ಹೊಡೆದು ಮಲಗಿದವನು ಯಾವ ಕಾಯಕ ಮಾಡಿಯಾನು, ಯಾರಿಗೆ ದಾಸೋಹ ನಡೆಸಿಯಾನು? ಅವನ ಜೊತೆಗೆ ಅವನನ್ನು ನೋಡಿಕೊಳ್ಳುವ ಹೆಂಡತಿಯ, ಮಗಳ ಕಾಯಕವೂ ನಿಂತುಹೋಗುತ್ತದೆ.

ಕಲ್ಯಾಣದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣ ಎಂಬ ವಚನಕಾರರೇ ಇದ್ದರು. ವೈದ್ಯವೃತ್ತಿ ಅವರ ಕಾಯಕ. ತಮ್ಮ ವೃತ್ತಿಯ ಮಾತುಗಳನ್ನೇ ವಚನಗಳಿಗೆ ತಂದವರು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯನವರ ಸಾಲಿನಲ್ಲಿ ವೈದ್ಯನಿಗೂ ಜಾಗ ಇತ್ತು ಎಂದ ಮೇಲೆ ಔಷಧ ಶರಣಧರ್ಮಕ್ಕೆ ಹೊರಗಿನದು ಎಂದು ಹೇಳುವವರಿಗೆ ಆಧಾರ ಎಲ್ಲಿದೆ?

ನಮ್ಮ ಕಾಲದ ನಿದರ್ಶನವೂ ಇದೆ. ಸಿದ್ಧಗಂಗೆಯ ಪೂಜ್ಯ ಡಾ. ಶಿವಕುಮಾರ ಸ್ವಾಮಿಗಳು ನೂರ ಹತ್ತು ದಾಟಿದ ವಯಸ್ಸಿನಲ್ಲೂ ವೈದ್ಯರ ಮಾತನ್ನು ಕೇಳಿದರು. 2018ರ ಡಿಸೆಂಬರಿನಲ್ಲಿ ಚೆನ್ನೈಗೆ ಹೋಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದರಿಂದ ಅವರ ಶಿವಯೋಗಕ್ಕೆ ಕುಂದು ಬಂತೆಂದು ಯಾರಾದರೂ ಹೇಳಿಯಾರೇ? ಅಂಥ ಮಹಾತ್ಮರು ಮಾಡಿದ್ದನ್ನು ನಾವು ಮಾಡಿದರೆ ಭಕ್ತಿ ಕಡಿಮೆಯಾಗುತ್ತದೆಯೆ?

ಅಂಗೈಯಲ್ಲಿಟ್ಟು ಅರ್ಪಿಸಿ

ಲಿಂಗಕ್ಕೆ ಅರ್ಪಿಸದ ಯಾವುದನ್ನೂ ಸೇವಿಸಬಾರದು ಎಂಬುದು ನಮ್ಮ ಆಚಾರ. ಊಟ, ನೀರು, ಹಣ್ಣು ಎಲ್ಲವೂ ಮೊದಲು ಲಿಂಗಾರ್ಪಿತ, ಆಮೇಲೆ ನಮಗೆ ಪ್ರಸಾದ. ಹಾಗಿದ್ದ ಮೇಲೆ ಗುಳಿಗೆ ಮಾತ್ರ ಯಾಕೆ ಹೊರಗುಳಿಯಬೇಕು? ಅದನ್ನು ನಾವು ಅಡುಗೆಮನೆಯ ಮೂಲೆಯಲ್ಲಿ, ಯಾರೂ ನೋಡದಂತೆ, ಮುಖ ಹುಳ್ಳಗೆ ಮಾಡಿಕೊಂಡು ನುಂಗುತ್ತೇವೆ. ಅದನ್ನೂ ಅಂಗೈಯಲ್ಲಿಟ್ಟು ಲಿಂಗಕ್ಕೆ ತೋರಿ, ಪ್ರಸಾದವೆಂದು ಸ್ವೀಕರಿಸಿ ಎಂಬುದು ನನ್ನ ಸಲಹೆ.

ಇಲ್ಲೊಂದು ಎಚ್ಚರಿಕೆ ಬೇಕು. ಅರ್ಪಿಸಿದ್ದರಿಂದ ಗುಳಿಗೆಗೆ ಹೊಸ ಶಕ್ತಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಇನ್ನೊಂದು ಮೂಢನಂಬಿಕೆಯನ್ನು ಹುಟ್ಟಿಸಿದಂತೆ ಆಗುತ್ತದೆ. ಗುಳಿಗೆ ಕೆಲಸ ಮಾಡುವುದು ಅದರೊಳಗಿನ ರಾಸಾಯನಿಕದಿಂದ. ಅರ್ಪಣೆಯಿಂದ ಬದಲಾಗುವುದು ನಾವು. ಮೊದಲನೆಯದಾಗಿ ನಾಚಿಕೆ ಹೋಗುತ್ತದೆ. ಎರಡನೆಯದಾಗಿ ಮರೆವು ಹೋಗುತ್ತದೆ. ಲಿಂಗಪೂಜೆಯನ್ನು ಒಂದು ದಿನ ಮಾಡಿ ಎರಡು ದಿನ ಬಿಡುವ ಪರಿಪಾಠ ನಮ್ಮಲ್ಲಿಲ್ಲ. ನಿತ್ಯದ ನೇಮಕ್ಕೆ ಗುಳಿಗೆಯನ್ನು ಗಂಟು ಹಾಕಿದರೆ ಅದೂ ತಪ್ಪುವುದಿಲ್ಲ. ವಿಭೂತಿ ಗಟ್ಟಿಯ ಪಕ್ಕದಲ್ಲಿ ಡಬ್ಬಿ ಇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರ ಕೈಗೆ ಎಟುಕದ ಎತ್ತರದಲ್ಲಿಡಿ.

ಪೂಜೆಗೆ ಮುಂಚೆ ನೀರನ್ನೂ ಮುಟ್ಟದ ಹಿರಿಯರು ಇದ್ದಾರೆ. ಅವರ ಬೆಳಗಿನ ಗುಳಿಗೆ ಹತ್ತು ಗಂಟೆಗೋ ಹನ್ನೊಂದಕ್ಕೋ ಹೋಗುತ್ತದೆ, ಕೆಲವು ದಿನ ಮರೆತೇ ಹೋಗುತ್ತದೆ. ಥೈರಾಯ್ಡ್ ಗುಳಿಗೆಯ ಉದಾಹರಣೆ ನೋಡಿ. ಅದನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ತಾಸು ಚಹಾ ತಿಂಡಿ ಮುಟ್ಟದೆ ಇರಬೇಕು. ಎದ್ದು ಸ್ನಾನ ಮಾಡಿ ಬಂದು, ಪೂಜೆಯ ಮೊದಲಿಗೇ ಗುಳಿಗೆಯನ್ನು ಅರ್ಪಿಸಿ ನುಂಗಿ ಪೂಜೆಗೆ ಕೂತರೆ, ಕಾಯಬೇಕಾದ ಹೊತ್ತೆಲ್ಲ ಶಿವಧ್ಯಾನದಲ್ಲೇ ಕಳೆಯುತ್ತದೆ. ನೇಮವೂ ಉಳಿಯಿತು, ಔಷಧದ ಪಥ್ಯವೂ ನಡೆಯಿತು.

ಉಪವಾಸದ ವಿಷಯ ಇನ್ನೂ ಗಂಭೀರ. ವ್ರತ ಉಪವಾಸಗಳಿಂದ ದೇಹ ದಂಡಿಸುವುದನ್ನು ಶರಣರು ಒಪ್ಪಲಿಲ್ಲ ಎಂದು ನಾವು ಭಾಷಣ ಮಾಡುತ್ತೇವೆ. ಮನೆಯಲ್ಲಿ ಮಾತ್ರ ಶ್ರಾವಣ ಸೋಮವಾರ, ಶಿವರಾತ್ರಿ ಎಂದು ಮಧುಮೇಹಿ ತಾಯಂದಿರು ದಿನವಿಡೀ ಏನೂ ತಿನ್ನದೆ ಇರುತ್ತಾರೆ. ಕೆಲವರು ಗುಳಿಗೆಯನ್ನೂ ಬಿಡುತ್ತಾರೆ, ಸಕ್ಕರೆ ಏರುತ್ತದೆ. ಇನ್ನು ಕೆಲವರು ಗುಳಿಗೆ ನುಂಗಿ ಊಟ ಬಿಡುತ್ತಾರೆ. ಇದು ಅದಕ್ಕಿಂತಲೂ ಅಪಾಯ. ಗ್ಲಿಮೆಪಿರೈಡ್‌ನಂಥ ಗುಳಿಗೆ, ಇನ್ಸುಲಿನ್ ಇವು ಹೊಟ್ಟೆಯಲ್ಲಿ ಅನ್ನ ಇಲ್ಲದಾಗ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತವೆ. ಬೆವರು, ನಡುಕ, ಮಂಕು ಕವಿಯುವುದು, ಮಾತು ತೊದಲುವುದು, ಆಮೇಲೆ ಎಚ್ಚರ ತಪ್ಪುವುದು. ಇದನ್ನು ಮೈಮೇಲೆ ದೇವರು ಬಂತೆಂದು ಆರತಿ ಬೆಳಗಿದ ಮನೆಯನ್ನು ನಾನು ಬಲ್ಲೆ. ಎಚ್ಚರ ಇರುವವರಿಗೆ ಆ ಕ್ಷಣದಲ್ಲಿ ಬೇಕಾದದ್ದು ಸಕ್ಕರೆ ಅಥವಾ ಬೆಲ್ಲದ ನೀರು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನಿಸದೆ ನುಂಗುವುದೂ ಭಕ್ತಿಯಲ್ಲ

ಗುಳಿಗೆ ಬಿಡಬೇಡಿ ಎಂದೆ. ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ನುಂಗಿ ಎಂದು ಇದರ ಅರ್ಥವಲ್ಲ. ಅರಿವೇ ಗುರು ಎಂದು ನಂಬಿದವರು ಔಷಧದ ವಿಷಯದಲ್ಲೂ ಅರಿವನ್ನು ಬಿಡಬಾರದು.

ದೀರ್ಘಕಾಲ ತೆಗೆದುಕೊಳ್ಳಬೇಕಾದ ಔಷಧವನ್ನು ಅರ್ಧಕ್ಕೇ ಬಿಡುವ ನಮ್ಮ ಜನ ದೀರ್ಘಕಾಲ ತೆಗೆದುಕೊಳ್ಳಬಾರದ ಔಷಧವನ್ನು ವರ್ಷಗಟ್ಟಲೆ ನುಂಗುತ್ತಾರೆ. ಮೊಣಕಾಲು ನೋವಿಗೆಂದು ಡೈಕ್ಲೊಫೆನಾಕ್ ಗುಳಿಗೆಯನ್ನು ದಿನವೂ ಚಹಾದಂತೆ ಸೇವಿಸುವವರನ್ನು ಕಂಡಿದ್ದೇನೆ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಬಿ.ಪಿ.ಯನ್ನೂ ಏರಿಸಬಲ್ಲದು. “ಬಿ.ಪಿ. ಗುಳಿಗಿ ಕಿಡ್ನಿ ತಿಂತೈತಿ” ಎಂದು ಅದನ್ನು ಬಿಟ್ಟು, ನೋವಿನ ಗುಳಿಗೆಯನ್ನು ಮಾತ್ರ ಬಿಡದವರು ಹಲವರು. ನಿಜಸ್ಥಿತಿ ಬೇರೆ. ಹತೋಟಿಯಿಲ್ಲದ ಬಿ.ಪಿ. ಮತ್ತು ಸಕ್ಕರೆಯೇ ಮೂತ್ರಪಿಂಡ ಕೆಡಲು ದೊಡ್ಡ ಕಾರಣಗಳು. ಅವನ್ನು ಹತೋಟಿಯಲ್ಲಿಡುವ ಗುಳಿಗೆ ಮೂತ್ರಪಿಂಡವನ್ನು ಕಾಯುತ್ತದೆ. ನಿದ್ದೆಯ ಗುಳಿಗೆಗಳು ಇನ್ನೊಂದು ಬಗೆಯ ಬಲೆ. ಕೆಲವೇ ದಿನಕ್ಕೆಂದು ಬರೆದ ಅಲ್ಪ್ರಜೋಲಮ್ ಹತ್ತು ವರ್ಷವಾದರೂ ನಿಂತಿರುವುದಿಲ್ಲ, ಹಳೆಯ ಚೀಟಿಯನ್ನೇ ತೋರಿಸುತ್ತಿರುತ್ತಾರೆ. ಅದನ್ನೂ ಒಮ್ಮೆಲೆ ಬಿಡುವಂತಿಲ್ಲ, ವೈದ್ಯರ ಕೈಯಲ್ಲಿಯೇ ಇಳಿಸಿಕೊಳ್ಳಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ ಅದು ಎಂದು ಅರ್ಥ. ಇದನ್ನು ನನ್ನ ವೃತ್ತಿಬಾಂಧವರಿಗೂ ಹೇಳುತ್ತಿದ್ದೇನೆ.

ನಮ್ಮಂಥ ಸಸ್ಯಾಹಾರಿಗಳು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಸಕ್ಕರೆ ರೋಗಕ್ಕೆ ಮೊದಲು ಬರೆಯುವ ಮೆಟ್‌ಫಾರ್ಮಿನ್ ಬಹಳ ಒಳ್ಳೆಯ, ಅಗ್ಗದ ಔಷಧ. ಆದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಬಿ12 ಸಸ್ಯಗಳಲ್ಲಿ ಸಿಗುವುದಿಲ್ಲ, ನಮಗೆ ಅದು ಬರುವುದು ಹಾಲು ಮೊಸರಿನಿಂದ ಮಾತ್ರ. ಹೀಗಾಗಿ ಈ ಕೊರತೆ ನಮ್ಮವರಲ್ಲಿ ಬೇಗ ಕಾಣುತ್ತದೆ. ಪಾದ ಜೋಮು ಹಿಡಿಯುವುದು, ಸುಸ್ತು, ಮರೆವು ಇದ್ದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಗುಳಿಗೆಯನ್ನೂ ಬಿಡಬೇಡಿ. ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಕೇಳುವುದಕ್ಕೆ ಅಂಜಿಕೆ ಬೇಡ. ಈ ಗುಳಿಗೆ ಯಾತಕ್ಕೆ? ಎಷ್ಟು ದಿನ? ಮರೆತರೆ ಏನು ಮಾಡಬೇಕು? ಬೇರೆ ಗುಳಿಗೆಗಳ ಜೊತೆ ಹೊಂದುತ್ತದೆಯೆ? ಕಡಿಮೆ ಬೆಲೆಯದು ಇದೆಯೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ವೈದ್ಯರಿದ್ದರೆ ಬೇರೆ ವೈದ್ಯರನ್ನು ಹುಡುಕಿಕೊಳ್ಳಬಹುದು. ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿ, ದಿನವೂ ನಡೆದು ಕೆಲವರು ಗುಳಿಗೆಯ ಪ್ರಮಾಣ ತಗ್ಗಿಸಿಕೊಂಡದ್ದಿದೆ, ಅಪರೂಪಕ್ಕೆ ಬಿಟ್ಟದ್ದೂ ಇದೆ. ಆದರೆ ಹಾಗೆ ತಗ್ಗಿಸುವ ತೀರ್ಮಾನ ತಪಾಸಣೆಯ ಅಂಕಿ ನೋಡಿ ವೈದ್ಯರು ಮಾಡಬೇಕಾದದ್ದು. ಪಕ್ಕದ ಮನೆಯವರ ಮಾತಿನ ಮೇಲೆ ಆಗತಕ್ಕದ್ದಲ್ಲ.

ದಾಸೋಹ ಭಾವ ಎಲ್ಲ ಕಡೆ ಒಳ್ಳೆಯದು, ಔಷಧದಲ್ಲಿ ಮಾತ್ರ ಬೇಡ. “ನನಗ ಚಲೋ ಆಗೈತಿ, ನೀನೂ ತಗೋ” ಎಂದು ಗುಳಿಗೆ ಹಂಚಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಇದೆ. ಒಬ್ಬರಿಗೆ ಹಿಡಿಸಿದ ಔಷಧ ಇನ್ನೊಬ್ಬರಿಗೆ ವಿಷವಾಗಬಲ್ಲದು.

ಬಚ್ಚಿಟ್ಟ ಡಬ್ಬಿ

ಎಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಮೂರ್ಛೆರೋಗದ ಹೆಣ್ಣುಮಕ್ಕಳ ಪಾಡು. ಮದುವೆಗೆ ಮುಂಚೆ ತಂದೆ ಬಂದು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೇಳುತ್ತಾನೆ. “ಬೀಗರಿಗೆ ಗೊತ್ತಾಗಬಾರ್ದ್ರಿ” ಎನ್ನುತ್ತಾನೆ. ಹುಡುಗಿ ಅತ್ತೆಮನೆಯಲ್ಲಿ ಸೀರೆಯ ಮಡಿಕೆಯೊಳಗೆ ಗುಳಿಗೆ ಬಚ್ಚಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ ನುಂಗಬೇಕು. ಹೊಸ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು? ಎರಡು ದಿನ ತಪ್ಪುತ್ತದೆ, ನಿದ್ದೆಗೇಡೂ ಸೇರುತ್ತದೆ, ಫಿಟ್ಸ್ ಬರುತ್ತದೆ. ಕೈಗೆ ಬೀಗದ ಕೈ ಗೊಂಚಲು ಕೊಡುತ್ತಾರೆ, ಮೂಗಿಗೆ ಚಪ್ಪಲಿ ಹಿಡಿಯುತ್ತಾರೆ, ಗಾಳಿ ಮೆಟ್ಟಿದೆ ಎನ್ನುತ್ತಾರೆ. ಮರುದಿನವೇ ತವರಿಗೆ ಕಳಿಸುತ್ತಾರೆ.

ಈ ರೋಗ ಗಾಳಿಯೂ ಅಲ್ಲ, ಶಾಪವೂ ಅಲ್ಲ. ಮಿದುಳಿನ ವಿದ್ಯುತ್ ಸಂಚಾರದಲ್ಲಿ ಆಗುವ ಏರುಪೇರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಔಷಧ ತಪ್ಪದೆ ತೆಗೆದುಕೊಂಡರೆ ಶೇ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು. ಎಷ್ಟೋ ವರ್ಷ ಫಿಟ್ಸ್ ಬಾರದೆ ಇದ್ದವರಲ್ಲಿ ಕೆಲವರ ಗುಳಿಗೆಯನ್ನು ವೈದ್ಯರು ಮೆಲ್ಲಗೆ ನಿಲ್ಲಿಸುವುದೂ ಉಂಟು. ಕಾನೂನು ಕೂಡ ಬದಲಾಗಿದೆ. ಹಿಂದೂ ವಿವಾಹ ಕಾಯ್ದೆ ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದು ಸರಿಯೇ ಎಂಬ ಚರ್ಚೆ ಬೇರೆ. ಆ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯಿಂದ ಮರುಕಳಿಸುವ ಮೂರ್ಛೆರೋಗ ಮದುವೆಗೆ ಅಡ್ಡಿಯೆಂದು ಸೇರಿತ್ತು. 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಸಂಸತ್ತು ತೆಗೆದುಹಾಕಿದ್ದನ್ನು ನಮ್ಮ ಬೀಗರು ಇನ್ನೂ ಇಟ್ಟುಕೊಂಡಿದ್ದಾರೆ.

ಹೆಣ್ಣಿಗೂ ಇಷ್ಟಲಿಂಗ ಕೊಟ್ಟು ಸಮಾನಳೆಂದು ಸಾರಿದ ಧರ್ಮ ನಮ್ಮದು. ಆ ಧರ್ಮದ ಮನೆಯಲ್ಲಿ ಸೊಸೆಯೊಬ್ಬಳು ಗುಳಿಗೆಯನ್ನು ಕಳ್ಳತನದ ವಸ್ತುವಿನಂತೆ ಬಚ್ಚಿಡಬೇಕಾಗಿ ಬಂದರೆ ನಾವು ಸಾರಿದ್ದಕ್ಕೆ ಬೆಲೆ ಏನು? ಹೇಳಿಯೇ ಮದುವೆ ಮಾಡಬೇಕು, ಕೇಳಿದವರು ಅರಿತು ಒಪ್ಪಬೇಕು. ಮೂರ್ಛೆರೋಗ ಇರುವ ಹುಡುಗರ ಕಡೆಯವರೂ ಹೀಗೆಯೇ ಹೇಳಬೇಕು. ಗಂಡಿನ ರೋಗ ಮುಚ್ಚಿಹೋಗುವುದು, ಹೆಣ್ಣಿನದು ಮಾತ್ರ ಊರ ಮಾತಾಗುವುದು ನ್ಯಾಯವಲ್ಲ. ಬಸುರಿಯಾಗಲು ಬಯಸುವವರು ಮೊದಲೇ ವೈದ್ಯರನ್ನು ಕಾಣಬೇಕು. ವಾಲ್‌ಪ್ರೊಯೇಟ್‌ನಂಥ ಔಷಧ ಗರ್ಭದ ಕೂಸಿಗೆ ಹಾನಿ ಮಾಡಬಹುದು, ಅದಕ್ಕೆ ಬದಲಿ ಔಷಧಗಳಿವೆ. ಗುಟ್ಟಾಗಿ ನುಂಗುತ್ತಿರುವ ಹುಡುಗಿ ಇದನ್ನು ಯಾರನ್ನು ಕೇಳಿಯಾಳು?

ಮನೋರೋಗಕ್ಕೆ ಔಷಧ ತೆಗೆದುಕೊಳ್ಳುವವರ ಸಂಕಟವೂ ಹೀಗೆಯೇ. ಅವರಿಗೆ ಗಾಳಿ ಬಿಡಿಸುವವರ ಬಳಿ ಸುತ್ತುವ ಕಷ್ಟ ಬೇರೆ.

ಮಠಗಳು ಮಾಡಬಹುದಾದದ್ದು

ಈ ಪತ್ರಿಕೆ ಮಠಗಳ ಮೂಲಕ ಹಳ್ಳಿ ಹಳ್ಳಿಗೆ ಹೋಗುತ್ತದೆ. ಪೂಜ್ಯರ ಒಂದು ಮಾತಿಗೆ ಇರುವ ಬೆಲೆ ಹತ್ತು ಡಾಕ್ಟರರ ಚೀಟಿಗೆ ಇಲ್ಲ. ಅದಕ್ಕಾಗಿ ಪೂಜ್ಯರಲ್ಲಿ, ಮಠದ ಕಾರ್ಯಕರ್ತರಲ್ಲಿ ನನ್ನ ವಿನಂತಿಗಳು ಇವು.

ಒಂದು, ಆಶೀರ್ವಚನದಲ್ಲಿ ಈ ಮಾತು ಬರಲಿ. ತಾವೂ ದಿನವೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಪೂಜ್ಯರು ವೇದಿಕೆಯ ಮೇಲೆಯೇ ಹೇಳಲಿ. ಒಬ್ಬ ಸ್ವಾಮಿಗಳು ಹಾಗೆ ಹೇಳಿದರೆ ಆ ಸಭೆಯಲ್ಲಿ ಕೂತ ಎಷ್ಟೋ ಜನರ ನಾಚಿಕೆ ಅಂದೇ ಕಳೆಯುತ್ತದೆ. ಭಕ್ತರು ತೊಂದರೆ ಹೇಳಿಕೊಂಡು ಬಂದಾಗ, ವಿಭೂತಿ ಹಚ್ಚಿ ಹರಸುವ ಮುಂಚೆ, “ಗುಳಿಗಿ ತಗೊಂಡ್ಯೇನವಾ?” ಎಂದು ಒಂದು ಮಾತು ಕೇಳಲಿ.

ಎರಡು, ಮಾಸಿಕ ಶಿವಾನುಭವ ಗೋಷ್ಠಿಗೆ ಅರ್ಧ ತಾಸು ಮುಂಚೆ ಬಿ.ಪಿ. ನೋಡುವ ವ್ಯವಸ್ಥೆ ಆಗಲಿ. ಊರಿನ ಆರೋಗ್ಯ ಕೇಂದ್ರದವರನ್ನು ಕರೆದರೆ ಬರುತ್ತಾರೆ. ಬಿ.ಪಿ., ಸಕ್ಕರೆಯ ಸಾಮಾನ್ಯ ಗುಳಿಗೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ.

ಮೂರು, ಔಷಧ ದಾಸೋಹ. ಬಡವರು ಗುಳಿಗೆ ಬಿಡುವುದಕ್ಕೆ ದುಡ್ಡಿಲ್ಲದಿರುವುದೂ ದೊಡ್ಡ ಕಾರಣ. ತಿಂಗಳ ಕೊನೆಗೆ ಬಂದು ಹತ್ತರ ಪಟ್ಟಿಯಲ್ಲಿ ನಾಲ್ಕು ಗುಳಿಗೆ ಕತ್ತರಿಸಿ ಕೊಡಿ ಎಂದವರು, ದಿನ ಬಿಟ್ಟು ದಿನ ನುಂಗಿ ಒಂದು ತಿಂಗಳದ್ದನ್ನು ಎರಡು ತಿಂಗಳು ಮಾಡಿದವರು ನನ್ನ ಅಂಗಡಿಗೆ ಎಷ್ಟು ಮಂದಿ ಬಂದರೋ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧ ಬ್ರಾಂಡ್ ಔಷಧಕ್ಕಿಂತ ಶೇ 50ರಿಂದ 90ರಷ್ಟು ಅಗ್ಗ ಎಂದು ಆ ಯೋಜನೆಯೇ ಹೇಳುತ್ತದೆ. ಸಾವಿರಾರು ಜನರಿಗೆ ಅನ್ನ ಇಕ್ಕುವ ಮಠಗಳಿಗೆ ಊರಿನ ಹತ್ತು ಬಡವರ ಗುಳಿಗೆಯ ಖರ್ಚು ಭಾರವಲ್ಲ. ಗುಳಿಗೆಯನ್ನು ಮಠದಲ್ಲಿ ಹಂಚುವುದು ಬೇಡ. ವೈದ್ಯರ ಚೀಟಿ ನೋಡಿ ಅಂಗಡಿಯ ಬಿಲ್ಲನ್ನು ಕೊಟ್ಟರೆ ಸಾಕು.

ನಾಲ್ಕು, ಪ್ರಸಾದದ ವಿಷಯ. ಜಾತ್ರೆಯಲ್ಲಿ ಹುಗ್ಗಿ, ಮಾದಲಿ ಬಡಿಸುವವರು “ಪ್ರಸಾದಕ್ಕ ಬ್ಯಾಡ ಅನಬಾರ್ದ್ರಿ” ಎಂದು ಎಲೆ ತುಂಬಿಸುತ್ತಾರೆ. ಸಕ್ಕರೆ ರೋಗಿ ಧರ್ಮಸಂಕಟಕ್ಕೆ ಸಿಕ್ಕುತ್ತಾನೆ. ಪ್ರಸಾದ ಭಾವದ ವಸ್ತು, ಅಳತೆಯದಲ್ಲ. ಒಂದು ತುತ್ತೂ ಪ್ರಸಾದವೇ. ಅದರ ಪಕ್ಕದಲ್ಲಿ ರೊಟ್ಟಿ, ಕಾಳುಪಲ್ಯ ಬಡಿಸುವ ಒಂದು ಸಾಲು ಇರಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿಯೇ ಅದು ಮುಗಿದುಹೋಗುತ್ತದೆ.

ಐದು, ಇದು ಕಹಿಯಾದ ಮಾತು. ನಮ್ಮ ಜಾತ್ರೆಯ ಮಳಿಗೆಗಳಲ್ಲಿ, ಸ್ಮರಣ ಸಂಚಿಕೆಗಳ ಜಾಹೀರಾತುಗಳಲ್ಲಿ “ನಲವತ್ತು ದಿನಗಳಲ್ಲಿ ಸಕ್ಕರೆ ಮಾಯ” ಎಂಬಂಥ ಪುಡಿ, ಕಷಾಯಗಳ ಪ್ರಚಾರ ನಡೆಯುತ್ತದೆ. ಮಠದ ಆವರಣದಲ್ಲಿ ಮಾರಿದ್ದನ್ನು ಮಠದ ಅಪ್ಪಣೆ ಪಡೆದದ್ದು ಎಂದೇ ಭಕ್ತರು ತಿಳಿಯುತ್ತಾರೆ. ಆಯುರ್ವೇದ ಓದಿದ ವೈದ್ಯರ ಚಿಕಿತ್ಸೆಯ ಮಾತು ನಾನಾಡುತ್ತಿಲ್ಲ. ಒಳಗೇನಿದೆ ಎಂದು ಬರೆಯದ ಪೊಟ್ಟಣದ ಮಾತು ಇದು. ಮಧುಮೇಹ, ಮೂರ್ಛೆರೋಗ, ರಕ್ತದೊತ್ತಡ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಆ ಕಾಯ್ದೆ ತಾಯಿತ, ಮಂತ್ರ, ಕವಚಗಳನ್ನೂ ಹೆಸರಿಸಿದೆ. ಮಳಿಗೆಯ ಬಾಡಿಗೆಗಾಗಿ, ಅರ್ಧ ಪುಟದ ಜಾಹೀರಾತಿನ ಹಣಕ್ಕಾಗಿ ಮೌಢ್ಯಕ್ಕೆ ಜಾಗ ಕೊಟ್ಟು, ವೇದಿಕೆಯಲ್ಲಿ ಮೌಢ್ಯದ ವಿರುದ್ಧ ಗುಡುಗಿದರೆ ಯಾರು ನಂಬಿಯಾರು?

ನುಡಿದಂತೆ ನಡೆಯುವುದು ದೊಡ್ಡ ದೊಡ್ಡ ಸಂಗತಿಗಳಲ್ಲಿ ಮಾತ್ರ ಎಂದು ನಾವು ತಿಳಿದಿದ್ದೇವೆ. ದಿನವೂ ಅದೇ ಹೊತ್ತಿಗೆ, ಯಾರೂ ಹೊಗಳದ, ಯಾರೂ ನೋಡದ ಒಂದು ಸಣ್ಣ ಕೆಲಸವನ್ನು ತಪ್ಪದೆ ಮಾಡುವುದೂ ನಡೆಯೇ. ಬರುವ ತಿಂಗಳ ಗೋಷ್ಠಿಯಲ್ಲಿ ವಚನ ಚಿಂತನೆ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ತೆಗೆಯಿರಿ. ದಿನವೂ ಗುಳಿಗೆ ತೆಗೆದುಕೊಳ್ಳುವವರು ಯಾರೆಂದು ಕೇಳಿ, ಹಿರಿಯರು ಮೊದಲು ಕೈ ಎತ್ತಲಿ. ಬಿಟ್ಟವರು ಯಾರೆಂದು ಆಮೇಲೆ ಕೇಳಿ. ಅವರನ್ನು ಬೈಯಬೇಡಿ, ಮರುದಿನ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.